ಲೋಡ್ ಇಳಿಯುವವರೆಗೆ

ಮುಳಬಾಗಿಲು
9 ಜೂನ್ 2024

ಅಮರನಾಥನಿಗೆ,

ಆಶೀರ್ವಾದ ಅಂತ ಬರೆದು ಶುರು ಮಾಡಬೇಕು. ಇವತ್ತು ಕೈ ಬರ್ತಿಲ್ಲ. ಕೊನೆಯಲ್ಲಿ ನೋಡೋಣ.

ಏನ್ಲಾ ಇದು? ಮೊನ್ನೆ ನಿನ್ನ ಹೆಂಡ್ತಿ ಚಂದನ, ಮಗಳು ಪುಟ್ಟಿಯನ್ನ ಕರ್ಕೊಂಡು, ಸ್ಟವ್ವು ಪಾತ್ರೆ ಹಾಸಿಗೆ ಎಲ್ಲಾ ಆಟೋಗೆ ತುಂಬ್ಕೊಂಡು ಬಂದು ಬಾಗಿಲಲ್ಲಿ ನಿಂತಳು. ಮಾಲೂರಿನ ಮನೆ ಖಾಲಿ ಮಾಡಿದ್ವಿ ಮಾವ, ಇನ್ನು ಇಲ್ಲೇ ಇರ್ತೀವಿ ಅಂದಳು. ಅವನೆಲ್ಲಿ ಅಂತ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಆಫೀಸು ಬಿಟ್ಟು ಲಾರಿ ಹತ್ತಿದಾರೆ ಅಂದಳು. ಬಳಪ ಕೈಯಿಂದ ಬಿದ್ದೋಯ್ತು.

ಲಾರಿಯಂತೆ! ಭಾನುವಾರ ಓವರ್‌ಟೈಮ್ ಇದೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಹೆವಿ ಲೈಸೆನ್ಸ್ ಮಾಡಿಸ್ಕೊಂಡೆಯಂತೆ. ನಾನು ಮೂವತ್ತು ವರ್ಷ ಲಾರಿ ಓಡಿಸಿ ಧೂಳು ತಿಂದಿದ್ದು ಯಾಕೋ? ನೀನು ಫ್ಯಾನಿನ ಕೆಳಗೆ ಕೂರಲಿ, ಸಂಜೆ ಮನೆಗೆ ಬಂದು ಮಗು ಜೊತೆ ಉಣ್ಣಲಿ ಅಂತ ತಾನೇ? ಇಡೀ ಬೀದಿಗೆ ಹೇಳ್ಕೊಂಡು ತಿರುಗಿದ್ದೆ, ನನ್ನ ಮಗ ಫ್ಯಾಕ್ಟರಿ ಆಫೀಸಿನಲ್ಲಿದಾನೆ ಅಂತ.

ಗಂಟಲು ಆಪರೇಷನ್ ಆಗಿ ದನಿ ಹೋದ ಮೇಲೆ ನಾನು ಯಾರನ್ನೂ ಬೈದೇ ಇಲ್ಲ. ದನಿ ಇದ್ದಿದ್ದರೆ ಇವತ್ತು ಅಕ್ಕಪಕ್ಕದೋರೆಲ್ಲಾ ಬಾಗಿಲು ತೆಗೆದು ನೋಡೋ ಹಂಗೆ ಬೈತಿದ್ದೆ. ಫೋನು ನನಗೆ ದಂಡ. ಆ ಕಡೆ ನೀನು ಹಲೋ ಹಲೋ ಅಂತಿರ್ತೀಯ, ಈ ಕಡೆ ನಾನು ಉಸಿರು ಬಿಡ್ತಾ ಕೂತಿರಬೇಕು. ಅದಕ್ಕೇ ಕಾಗದ. ನನ್ನ ಕೈಕೆಳಗೆ ಗಾಡಿ ಕಲಿತ ಗೋಪಿ ಕೋಲಾರದ ಮಂಡಿಯಿಂದ ಟೊಮೇಟೊ ತುಂಬ್ಕೊಂಡು ಡೆಲ್ಲಿಗೆ ಹೊರಟಿದಾನೆ. ನಾಗಪುರದ ಆಚೆ ನಮ್ಮ ಕಡೆ ಗಾಡಿಗಳು ನಿಲ್ಲೋ ಡಾಬಾದಲ್ಲಿ ಕೊಟ್ಟು ಹೋಗ್ತಾನೆ. ನಮ್ಮ ಕಾಲದಲ್ಲೂ ಮನೆ ಕಾಗದ ಹಂಗೇ ಓಡಾಡ್ತಿದ್ದವು. ಉತ್ತರ ಬರೆಯೋ ಮುಖ ಇದ್ದರೆ ಈ ಕಡೆ ಬರೋ ಯಾವುದಾದರೂ ಗಾಡಿಗೆ ಕೊಡು.

ಆಶೀರ್ವಾದ ಇನ್ನೂ ಬರ್ತಿಲ್ಲ. ನಿಧಾನವಾಗಿ ಓಡಿಸು ಅಂತ ಮಾತ್ರ ಬರೀತೀನಿ.

ನಿಮ್ಮಪ್ಪ,
ಸುಬ್ಬರಾಯಪ್ಪ


ನಾಗಪುರದ ಆಚೆ, ಡಾಬಾ
3 ಜುಲೈ 2024

ಅಪ್ಪಾ,

ನಮಸ್ಕಾರ. ಬೈಗುಳ ಸರಿಯಾಗಿ ತಲುಪಿತು. ಡಾಬಾದವನು ಕವರ್ ಕೊಡುವಾಗ, "ಕರ್ನಾಟಕದಿಂದ ಪ್ರೀತಿಯ ಪತ್ರ" ಅಂತ ಹಿಂದಿಯಲ್ಲಿ ಕಿಚಾಯಿಸಿದ. ಹೌದು ಅಂದೆ.

ಹೇಳದೇ ಮಾಡಿದ್ದು ತಪ್ಪು. ಹೇಳಿದ್ದರೆ ನೀನು ಬಿಡ್ತಿರಲಿಲ್ಲ. ಯಾಕೆ ಬಿಟ್ಟೆ ಅಂತ ನೀನು ಕೇಳಿಲ್ಲ, ಆದರೂ ಹೇಳ್ತೀನಿ. ಆಫೀಸಿನಲ್ಲಿ ನನ್ನ ಕೆಲಸ ಏನು ಅಂತ ನಿನಗೆ ಪೂರ್ತಿ ಗೊತ್ತಿರಲಿಲ್ಲ. ಲೋಡ್ ಆದ ಲಾರಿಗಳಿಗೆ ಗೇಟ್ ಪಾಸ್ ಕೊಡೋದು. ನಾನು ಒಳಗೆ, ಡ್ರೈವರುಗಳು ಹೊರಗೆ ಬಿಸಿಲಲ್ಲಿ. ಮಧ್ಯೆ ಒಂದು ಸಣ್ಣ ಕಿಟಕಿ. ನಿನ್ನ ವಯಸ್ಸಿನೋರು ಬಂದು, ಕೈ ಒರೆಸ್ಕೊಂಡು, ಬಗ್ಗಿ, "ಸಾರ್, ನಂದು ಆಯ್ತಾ ಸಾರ್" ಅಂತಿದ್ದರು. ಒಳಗಿರೋರು ಹೊತ್ತು ಕಳೀಲಿ ಅಂತ ಅವರನ್ನ ಸುಮ್ಮನೆ ಕಾಯಿಸ್ತಿದ್ದರು. ನನಗೆ ಪ್ರತಿಯೊಬ್ಬನೂ ನಿನ್ನ ಥರ ಕಾಣಿಸ್ತಿದ್ದ. ನೀನು ಎಷ್ಟು ಊರಿನ ಎಷ್ಟು ಕಿಟಕಿ ಮುಂದೆ ಹಂಗೆ ಬಗ್ಗಿ ನಿಂತಿರಬೇಕು ಅಂತ ಯೋಚನೆ ಬರ್ತಿತ್ತು. ಬರ್ತಾ ಬರ್ತಾ ಬೆಳಗ್ಗೆ ಆಫೀಸಿಗೆ ಹೋಗೋ ಹೊತ್ತಿಗೆ ಎದೆ ಹಿಡ್ಕೊಳ್ಳೋಕೆ ಶುರುವಾಯ್ತು. ನೀನು ಕಷ್ಟಪಟ್ಟು ಕೂರಿಸಿದ ಜಾಗದಲ್ಲಿ ನನಗೆ ಕೂರೋಕೆ ಆಗಲಿಲ್ಲಪ್ಪ. ಸ್ಟೀರಿಂಗ್ ಹಿಡಿದ ಮೇಲೆ ಎದೆ ಹಗುರಾಗಿದೆ. ಬೇಕಾದರೆ ಇನ್ನೊಂದು ಕಾಗದದಲ್ಲಿ ಬೈಯಿ.

ಇನ್ನೊಂದು ಮಾತು. ಅಮ್ಮ ಹೋದಾಗ ನೀನು ಹಾಲು-ತುಪ್ಪದ ದಿನ ಬಂದೆ. ಮಣ್ಣಾಗಿ ಮೂರನೇ ದಿನ. ನಾನು ಆಮೇಲೆ ವರ್ಷದ ತನಕ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ನಿನಗೆ ನೆನಪಿರಬಹುದು. ಯಾಕೆ ಬೇಗ ಬರಲಿಲ್ಲ ಅಂತ ಆಗ ಕೇಳಲಿಲ್ಲ. ಈಗ ಕೇಳ್ತಿದೀನಿ.

ಪುಟ್ಟಿಗೆ ಮುತ್ತು. ಚಂದನಾಗೆ ಫೋನ್ ಮಾಡ್ತಾ ಇರ್ತೀನಿ.

ಅಮರ


ಮುಳಬಾಗಿಲು
20 ಸೆಪ್ಟೆಂಬರ್ 2024

ಲೇ ಅಮರ,

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ಪೆನ್ನು ತಗೊಳ್ಳೋದು, ಇಡೋದು, ಇದೇ ಆಗೋಯ್ತು. ಕಿಟಕಿ ವಿಷಯ ಓದಿದೆ. ಅಷ್ಟು ಸಾಕು, ಅದರ ಬಗ್ಗೆ ಇನ್ನು ಬೈಯಲ್ಲ.

ನಿಮ್ಮಮ್ಮನ ವಿಷಯ. ನಾನು ಕಲ್ಲಿನ ಲೋಡ್ ಹಾಕ್ಕೊಂಡು ಬಾಂಬೆ ಕಡೆ ಹೋಗಿದ್ದೆ. ನಮ್ಮ ಡ್ರೈವರ್ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಗಾಡಿಯಲ್ಲಿ ಲೋಡ್ ಇರೋವಾಗ ಡ್ರೈವರಿಗೆ ಮನೆಯ ಕೆಟ್ಟ ಸುದ್ದಿ ಹೇಳಬಾರದು. ಹೆತ್ತೋರು ಹೋಗಲಿ, ಹೆಂಡ್ತಿ ಹೋಗಲಿ, ಲೋಡ್ ಇಳಿಯೋವರೆಗೂ ಬಾಯಿ ಬಿಡಂಗಿಲ್ಲ. ಕೇಳಿದೋನು ಕಣ್ಣು ಮಂಜಾಗಿ ಎಲ್ಲೋ ಗುದ್ದಿಬಿಟ್ಟರೆ? ಒಂದು ಹೆಣದ ಜೊತೆ ಇನ್ನೊಂದು. ಆ ಪದ್ಧತಿ ನಮ್ಮ ಬೀದಿಗೆ ತಂದೋನು ನಾನೇ. ಎಲ್ಲರ ಮನೆಗೂ ಹೋಗಿ ಹೇಳಿದ್ದೋನು ನಾನೇ. ನಿಮ್ಮಮ್ಮ ಹೋದಾಗ ನಿಮ್ಮ ದೊಡ್ಡಪ್ಪ ಅದನ್ನೇ ಮಾಡಿದ. ನಾನು ಬಾಂಬೆಯಲ್ಲಿ ಲೋಡ್ ಇಳಿಸಿ, ಊಟ ಮಾಡಿ, ನಿನಗೆ ಅಂತ ಒಂದು ಟೋಪಿ ತಗೊಂಡು, ಆಮೇಲೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋದೆ. ಅಲ್ಲಿ ಹೇಳಿದರು.

ದೊಡ್ಡಪ್ಪನ ಮೇಲೆ ಕೋಪ ಬಂತಾ ಅಂತ ಕೇಳಿದರೆ ಬಂತು. ಅವನು ಮಾಡಿದ್ದು ತಪ್ಪಾ ಅಂದರೆ ಅಲ್ಲ. ಹೇಳಿದ್ದರೆ ನಾನು ಬಾಂಬೆ ದಾರಿಯ ಘಾಟಿಯಲ್ಲಿ ಉಳೀತಿದ್ದೆನೋ ಇಲ್ಲವೋ. ನೀನು ಮಾತು ಬಿಟ್ಟಾಗ ಇದನ್ನೆಲ್ಲಾ ಹೇಳಬೇಕಿತ್ತು. ಅಷ್ಟು ಚಿಕ್ಕ ಹುಡುಗನಿಗೆ ಏನಂತ ಹೇಳೋದು ಅಂತ ಸುಮ್ಮನಾದೆ.

ಈಗ ಡ್ರೈವರ್ ಆಗಿದೀಯ, ಅದಕ್ಕೆ ಕೇಳ್ಕೋ. ಇಳಿಜಾರಿನಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕಬೇಡ. ನಿದ್ದೆ ಬಂದರೆ ಮುಖ ತೊಳೆಯೋದಲ್ಲ, ಮಲಗೋದು. ಮಂಡಿಯೋನು ಫೋನಿನಲ್ಲಿ ಕಿರುಚಿದರೆ ಕಿರುಚ್ಕೊಳ್ಳಲಿ, ಹಣ್ಣು ಕೊಳೆತರೆ ಕೊಳೀಲಿ.

ನನಗೆ ಅನ್ನ ಇಳೀತಿಲ್ಲ, ಗಂಜಿ ಸಾಕು ಅಂತಿದೀನಿ. ನಿನ್ನ ಹೆಂಡ್ತಿ ರಾಗಿ ಗಂಜಿ ಚೆನ್ನಾಗಿ ಕಾಯಿಸ್ತಾಳೆ. ದೀಪಾವಳಿಗೆ ಬಾ. ನೀನು ಲಾರಿಯಿಂದ ಇಳಿಯೋದನ್ನ ಒಂದು ಸಲ ನೋಡಬೇಕು ಅಂತ ಆಸೆ. ಬಾಯಿಬಿಟ್ಟು ಕೇಳ್ತಿದೀನಿ, ಬಾಯಿಲ್ಲದೋನು.

ಆಶೀರ್ವಾದಗಳು. ಹಿಂದಿನ ಕಾಗದದ ಬಾಕಿದೂ ಸೇರಿಸ್ಕೋ.

ಅಪ್ಪ


ಶ್ರೀನಿವಾಸಪುರ
27 ಅಕ್ಟೋಬರ್ 2024

ಗೋಪಿ,

ಈ ಚೀಟಿ ತಂದುಕೊಡೋ ಶ್ರೀಧರ್ ನನ್ನ ಮಾಲೂರು ಆಫೀಸಿನ ಸ್ನೇಹಿತ. ಅವನ ಮಾವಿನ ತೋಟದ ಶೆಡ್ಡಿನಲ್ಲಿದೀನಿ. ಈಗ ಸೀಸನ್ ಅಲ್ಲ, ತೋಟದ ಕಡೆ ಯಾರೂ ತಲೆ ಹಾಕಲ್ಲ. ಫೋನಿನಲ್ಲಿ ಮಾತಾಡಿದರೆ ನಿನ್ನ ಕ್ಯಾಬಿನ್ನಿನಲ್ಲಿ ಇರೋರಿಗೆಲ್ಲಾ ಕೇಳಿಸುತ್ತೆ ಅಂತ ಬರೀತಿದೀನಿ.

ಗಾಡಿ ಪಲ್ಟಿ ಆಯ್ತು ಕಣೋ. ಕರ್ನೂಲು ದಾಟಿದ ಮೇಲೆ ಕಡಲೆಕಾಯಿ ಟ್ರ್ಯಾಕ್ಟರ್ ಒಂದು ರಾಂಗ್ ಸೈಡಿನಲ್ಲಿ ಬಂತು. ಅದನ್ನ ತಪ್ಪಿಸೋಕೆ ಹೋಗಿ ಗಾಡಿ ಪಕ್ಕಕ್ಕೆ ಮಲಗಿತು. ಯಾರಿಗೂ ಏನೂ ಆಗಿಲ್ಲ. ನನಗೆ ಎಡಗೈ ಮೂಳೆ ಸಣ್ಣದಾಗಿ ಮುರಿದಿದೆ, ಮೂರು ವಾರ ಪಟ್ಟಿ, ಹಣೆಗೆ ಹೊಲಿಗೆ. ರಸ್ತೆ ಪೂರ್ತಿ ಟೊಮೇಟೊ. ಊರೋರು ಸೆರಗಿನಲ್ಲಿ, ಬಕೆಟ್ಟಿನಲ್ಲಿ ತುಂಬ್ಕೊಂಡು ಹೋಗ್ತಿದ್ದರು. ಒಬ್ಬ ಅಜ್ಜಿ ಮಾತ್ರ "ಪಾಪಂ ನಾಯನಾ", ಅಯ್ಯೋ ಪಾಪ ಮಗನೇ, ಅಂತ ನನ್ನ ತಲೆ ಹಿಡ್ಕೊಂಡು ಕೂತಿದ್ದಳು. ಓನರ್ ಸದ್ಯಕ್ಕೆ ಗಾಡಿ ಮುಟ್ಟಬೇಡ ಅಂದಿದಾನೆ.

ಅಪ್ಪನಿಗೆ ಹೇಳಬೇಡ. ಚಂದನಾಗೂ ಬೇಡ. ನಾನು ಲಾರಿಯಿಂದ ಇಳಿಯೋದನ್ನ ನೋಡಬೇಕು ಅಂತ ಅಪ್ಪ ದೀಪಾವಳಿಗೆ ಕರೆದಿದಾನೆ. ಕೈಗೆ ಪಟ್ಟಿ ಕಟ್ಕೊಂಡು, ಹಣೆಗೆ ಬ್ಯಾಂಡೇಜ್ ಹಾಕ್ಕೊಂಡು, ಬಸ್ಸಿನಿಂದ ಇಳಿದು ಹೋಗಲಾ? ಆಫೀಸೂ ಬಿಟ್ಟ, ಲಾರೀನೂ ಮಲಗಿಸಿದ ಅಂತ ಆ ಮುಖದಲ್ಲಿ ಓದೋ ಶಕ್ತಿ ನನಗಿಲ್ಲ. ಗುವಾಹಟಿ ಲೋಡ್ ಸಿಕ್ಕಿತು, ಹೊರಟೆ ಅಂತ ಫೋನಿನಲ್ಲಿ ಚಂದನಾಗೆ ಹೇಳಿದೀನಿ. ನೀನೂ ಅದನ್ನೇ ಹೇಳು. ಪಟ್ಟಿ ಬಿಚ್ಚಿದ ದಿನ ಲೋಡ್ ಇಳಿಸಿದೆ ಅಂತ ಹೇಳಿ ನಾನೇ ಮನೆಗೆ ಹೋಗ್ತೀನಿ.

ಅಪ್ಪ ಕಾಗದ ಕೊಟ್ಟರೆ ಇಲ್ಲಿಗೆ ತಲುಪಿಸು. ನಂದು ಕೊಟ್ಟರೆ ಅವನಿಗೆ ಕೊಡು. ನಿನ್ನ ಕಾಲು ಹಿಡ್ಕೋತೀನಿ.

ಅಮರ


ಮುಳಬಾಗಿಲು
3 ನವೆಂಬರ್ 2024

ಅಮರ,

ಹಬ್ಬ ಆಯ್ತು. ಪುಟ್ಟಿ ಒಂದು ಕೈಯಲ್ಲಿ ಕಿವಿ ಮುಚ್ಚಿ ಇನ್ನೊಂದು ಕೈಯಲ್ಲಿ ಪಟಾಕಿ ಹಚ್ಚಿದಳು. ಗುವಾಹಟಿ ಲೋಡ್ ಸಿಕ್ಕಿತು ಅಂತ ಗೋಪಿ ಬಂದು ಹೇಳಿದ. ಒಳ್ಳೇದು. ಇದನ್ನ ಅವನ ಕೈಗೇ ಕೊಟ್ಟಿದೀನಿ. ನಿನ್ನನ್ನ ಎಲ್ಲಿ ಹುಡುಕಬೇಕೋ ಅವನು ಹುಡುಕಿ ಕೊಡ್ತಾನೆ.

ದಿಂಬಿಗೆ ಒರಗಿ ಬರೀತಿದೀನಿ. ಅಕ್ಷರ ನೋಡಿ ನಗಬೇಡ.

ಒಂದು ಹಳೇ ವಿಷಯ ನೆನಪಾಯ್ತು. ನೀನು ಆಗ ಎರಡನೇ ಕ್ಲಾಸೋ ಏನೋ. ಹುಣಸೆಹಣ್ಣು ಹಾಕ್ಕೊಂಡು ಹೋಗೋವಾಗ ಪಲಮನೇರಿನ ಆಚೆ ಇಳಿಜಾರಿನಲ್ಲಿ ಗಾಡಿ ಪಲ್ಟಿ ಹೊಡೆಸಿದೆ. ಪಕ್ಕೆ ಮುರಿದಿತ್ತು. ಅವಮಾನ ನೋಡು, ಮನೆಗೆ ಬರಲಿಲ್ಲ. ಚಿತ್ತೂರಿನಲ್ಲಿ ಒಂದು ಲಾಡ್ಜ್ ಹಿಡಿದು ಕಳ್ಳನ ಥರ ಮಲಗಿದ್ದೆ. ಅದು ಹೆಂಗೋ ನಿಮ್ಮಮ್ಮನಿಗೆ ಗೊತ್ತಾಗಿ ಬಂದೇಬಿಟ್ಟಳು. ಬೈತಾಳೆ ಅಂತ ಗೋಡೆ ಕಡೆ ತಿರುಗಿ ಮಲಗಿದೆ. ಅವಳು ಇಡ್ಲಿ ಪೊಟ್ಟಣ ಬಿಚ್ಚಿ ಇಟ್ಟು, "ಮನೆಗೆ ಬಂದು ಬಿದ್ಕೊಳ್ಳೋಕೆ ನಿಂಗೇನು ರೋಗ" ಅಂದಳು. ಅಷ್ಟೇ. ಬಸ್ಸಿನಲ್ಲಿ ಕರ್ಕೊಂಡು ಬಂದಳು. ಊರಿನಲ್ಲಿ ಒಂದು ನರಪಿಳ್ಳೆಯೂ ನನ್ನನ್ನ ನೋಡಿ ನಗಲಿಲ್ಲ. ಪಲ್ಟಿ ಹೊಡೆಸದ ಡ್ರೈವರನ್ನ ನಾನಂತೂ ಈವರೆಗೆ ನೋಡಿಲ್ಲ.

ಇದನ್ನೆಲ್ಲಾ ಈಗ ಯಾಕೆ ಬರೀತಿದೀನಿ ಅಂದರೆ ಸುಮ್ಮನೆ. ಮುದುಕರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ.

ಚಂದನಾಗೆ ಹೇಳಿದೀನಿ, ನೀನು ಲೋಡಿನಲ್ಲಿದೀಯ, ಇಲ್ಲಿಯ ಚಿಲ್ಲರೆ ವಿಷಯ ಹೇಳಿ ತಲೆ ತಿನ್ನಬೇಡ ಅಂತ. ನೀನು ಆದಷ್ಟು ಬೇಗ ಬಾ ಕಣೋ. ಹೆಂಗಿದ್ದೀಯೋ ಹಂಗೇ ಬಾ.

ಆಶೀರ್ವಾದಗಳು,
ಅಪ್ಪ


ಗುವಾಹಟಿ
8 ನವೆಂಬರ್ 2024

ಅಪ್ಪಾ,

ನಮಸ್ಕಾರ. ಕ್ಷೇಮವಾಗಿ ತಲುಪಿ ಟೊಮೇಟೊ ಇಳಿಸಿದೆ. ಇಲ್ಲಿ ಬೆಳಗ್ಗೆ ಬಹಳ ಬೇಗ ಬೆಳಕಾಗುತ್ತೆ. ಬ್ರಹ್ಮಪುತ್ರ ಎಷ್ಟು ಅಗಲ ಅಂದರೆ ಆಚೆ ದಡ ಕಾಣಲ್ಲ. ನೀನು ಈ ಕಡೆ ಬಂದಿಲ್ಲ ಅಲ್ವಾ? ಒಂದು ಸಲ ಕರ್ಕೊಂಡು ಬರ್ತೀನಿ.

ಖಾಲಿ ಬರೋದು ಬೇಡ ಅಂತ ಓನರ್ ಕಲ್ಕತ್ತಾಗೆ ಟೀ ಪುಡಿ ಲೋಡ್ ಮಾಡಿಸಿದಾನೆ. ಕಲ್ಕತ್ತಾದಲ್ಲಿ ಇಳಿಸಿದ ಕೂಡಲೇ ಊರ ಕಡೆ. ನಿನ್ನ ಚಿತ್ತೂರು ಲಾಡ್ಜ್ ಕಥೆ ಓದಿ ನಗು ಬಂತು. ನನಗೆ ಹಾಗೇನೂ ಆಗಿಲ್ಲ, ಗಾಡಿ ಚೆನ್ನಾಗಿದೆ, ನಾನೂ ಚೆನ್ನಾಗಿದೀನಿ. ನೀನು ಗಂಜಿ ಮಾತ್ರ ಕುಡೀತಿದೀಯ ಅಂದೆ. ಡಾಕ್ಟರಿಗೆ ತೋರಿಸು. ನಾನು ಬಂದ ಮೇಲೆ ಕೋಲಾರಕ್ಕೆ ಕರ್ಕೊಂಡು ಹೋಗ್ತೀನಿ.

ಈ ಕಡೆಯಿಂದ ಬರ್ತಿರೋ ಒಂದು ಗಾಡಿಗೆ ಕಾಗದ ಕೊಟ್ಟಿದೀನಿ. ಗೋಪಿ ಮೂಲಕ ನಿನಗೆ ಸಿಗುತ್ತೆ.

ಅಮರ


ಮುಳಬಾಗಿಲು
1 ಡಿಸೆಂಬರ್ 2024

ರೀ,

ಈ ಮಾತು ಫೋನಿನಲ್ಲಿ ಆಡೋಕೆ ಆಗಲ್ಲ. ಮಧ್ಯದಲ್ಲಿ ನಾನು ಅಳ್ತೀನಿ, ನೀವು ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಡ್ತೀರ. ಓನರ್ ಮತ್ತೆ ಗಾಡಿ ಕೊಟ್ಟ ಅಂತ ಹನ್ನೊಂದನೇ ದಿನ ಮುಗಿದ ಕೂಡಲೇ ಹೊರಟುಬಿಟ್ಟಿರಿ. ತಿಥಿಯ ಮನೆ, ಮಾತಾಡೋಕೆ ಜಾಗವೇ ಸಿಗಲಿಲ್ಲ. ಸಿಕ್ಕಿದಾಗ ನೀವು ನನ್ನ ಮುಖ ನೋಡಲಿಲ್ಲ.

ಆ ಭಾನುವಾರ ಬೆಳಗ್ಗೆ ನೀವು ಫೋನ್ ಮಾಡಿ, "ಕಲ್ಕತ್ತಾದಲ್ಲಿ ಲೋಡ್ ಇಳಿಸಿದೆ ಚಂದನಾ" ಅಂದಿರಿ. ಗುರುವಾರದಿಂದ ಆ ಒಂದು ಮಾತಿಗೆ ಕಾಯ್ತಿದ್ದೆ. ಹೇಳಿದೆ. ಮಾವ ಹೋಗಿಬಿಟ್ಟರು, ಶುಕ್ರವಾರ ಮಣ್ಣಾಯ್ತು, ದೊಡ್ಡಪ್ಪನ ಮಗ ನಂದೀಶಣ್ಣ ಎಲ್ಲಾ ಮಾಡಿದರು, ಇವತ್ತು ಹಾಲು-ತುಪ್ಪ ಅಂದೆ. ನೀವು ಫೋನ್ ಇಟ್ಟುಬಿಟ್ಟಿರಿ. ಕಲ್ಕತ್ತಾದಿಂದ ಬರಬೇಕಲ್ಲ, ಪಾಪ, ಎಷ್ಟು ದೂರ, ಒಬ್ಬರೇ ಹೆಂಗೆ ಬರ್ತಾರೋ ಅಂತ ನಿಮಗಾಗಿ ಅತ್ತೆ. ಸಂಜೆ ನೆಂಟರನ್ನು ಬಸ್ಸು ಹತ್ತಿಸೋಕೆ ಸ್ಟ್ಯಾಂಡಿಗೆ ಹೋಗಿದ್ದೆ. ಶ್ರೀನಿವಾಸಪುರದ ಬಸ್ಸಿನಿಂದ ನೀವು ಇಳಿದಿರಿ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಒಂದು ಚೀಲವೂ ಇಲ್ಲ, ಹಣೆ ಮೇಲೆ ಹೊಲಿಗೆ ಗುರುತು. ನೆಂಟರ ಎದುರು ಕೇಳೋದು ಬೇಡ ಅಂತ ಮನೆಗೆ ಕರ್ಕೊಂಡು ಬಂದೆ.

ಮೊನ್ನೆ ಗೋಪಿಯನ್ನು ಕೂರಿಸಿ ಕೇಳಿದೆ. ಎಲ್ಲಾ ಹೇಳಿದ, ಬಿಕ್ಕಿ ಬಿಕ್ಕಿ ಅತ್ತ. ಶ್ರೀನಿವಾಸಪುರ ಇಲ್ಲಿಂದ ಒಂದು ಗಂಟೆ ದಾರಿ ರೀ. ನಾನೇ ಬಸ್ಸು ಹತ್ತಿ ಬಂದು, ನಿಮ್ಮ ಮುರಿದ ಕೈಯನ್ನೇ ಹಿಡಿದು ಎಳ್ಕೊಂಡು ಬರ್ತಿದ್ದೆ.

ಇನ್ನು ನಿಮಗೆ ಗೊತ್ತಿಲ್ಲದ್ದು ಹೇಳ್ತೀನಿ. ಮಾವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗುವಾಹಟಿ ಲೋಡು ಅಂತ ಗೋಪಿ ಬಂದು ಹೇಳಿದ ದಿನವೇ ಗೊತ್ತಾಗಿದೆ. ಅವರ ಎದುರು ನಿಂತು ಸುಳ್ಳು ಹೇಳೋಕೆ ಗೋಪಿಗೆ ಬರಲ್ಲ. ಮಾವ ಸುಮ್ಮನೆ ಅವನನ್ನೇ ನೋಡ್ತಾ ಕೂತರಂತೆ, ಇವನು ಎಲ್ಲಾ ಕಕ್ಕಿಬಿಟ್ಟನಂತೆ. ಸ್ಲೇಟಿನಲ್ಲಿ "ಕೈ ಯಾವುದು, ಎಡವೋ ಬಲವೋ" ಅಂತ ಕೇಳಿದರಂತೆ. ಹೋಗಿ ಕರ್ಕೊಂಡು ಬರಲಾ ಅಂತ ಗೋಪಿ ಕೇಳಿದ್ದಕ್ಕೆ ಬೇಡ ಅಂತ ತಲೆ ಆಡಿಸಿದರಂತೆ. "ಗೊತ್ತಾಗಿದೆ ಅಂತ ತಿಳಿದರೆ ನಾಚ್ಕೊಂಡು ಇನ್ನೂ ದೂರ ಹೋಗ್ತಾನೆ. ಅವನೇ ಬರಲಿ" ಅಂತ ಬರೆದರಂತೆ. ಗುವಾಹಟಿ ಅಂತ ನೀವು ಬರೆದ ಕಾಗದವನ್ನೂ ಗೋಪಿಯ ಮುಂದೆಯೇ ಓದಿದರಂತೆ. ಮಡಚಿ ದಿಂಬಿನ ಕೆಳಗೆ ಇಟ್ಕೊಂಡರಂತೆ. ನನಗೆ ಮಾತ್ರ ನೀವಿಬ್ಬರೂ ಒಂದು ಮಾತು ಹೇಳಲಿಲ್ಲ.

ಅವರಿಗೆ ಹಬ್ಬ ಆದ ಮೇಲೆ ಗಂಜಿಯೂ ಇಳೀಲಿಲ್ಲ. ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆ ಮತ್ತೆ ಬೆಳೆದಿದೆ, ಮನೆಯಲ್ಲೇ ಇಟ್ಕೊಳ್ಳಿ ಅಂದುಬಿಟ್ಟರು. ನಿಮಗೆ ಫೋನ್ ಮಾಡ್ತೀನಿ ಅಂತ ಎದ್ದೆ. ಅಷ್ಟು ಬಲ ಎಲ್ಲಿತ್ತೋ, ನನ್ನ ಮಣಿಕಟ್ಟು ಹಿಡ್ಕೊಂಡರು. ಸ್ಲೇಟಿನ ಮೇಲೆ ಬರೆದದ್ದು ಒಂದೇ ಮಾತು, "ಲೋಡ್". ನೀವು ಟೀ ಪುಡಿ ಹಾಕ್ಕೊಂಡು ಓಡಿಸ್ತಿದೀರ ಅಂತ ನಾನು ನಂಬಿದ್ದೆ. ನಾನು ಹೇಳಿ ನೀವು ಎಲ್ಲಾದರೂ ಗುದ್ದಿಬಿಟ್ಟರೆ ಅಂತ ಭಯ. ಅವರ ಮಾತು ಕೇಳಿದೆ. ಈಗ ದಿನಾ ನನಗೆ ನಾನೇ ಉಗುಳ್ಕೊಳ್ತೀನಿ.

ನನಗೆ ನಿಮ್ಮ ಮೇಲೆ ಎಷ್ಟು ಕೋಪ ಇದೆಯೋ ಅವರ ಮೇಲೂ ಅಷ್ಟೇ ಇದೆ. ಒಬ್ಬರು ಅಲ್ಲಿ ಕೂತು ಮುಖ ಉಳಿಸ್ಕೊಂಡಿರಿ, ಒಬ್ಬರು ಇಲ್ಲಿ ಮಲಗಿ ನಿಮ್ಮ ಮುಖ ಉಳಿಸಿದರು. ಮಧ್ಯೆ ನಾನು ಗಂಜಿ ಕಾಯಿಸ್ತಾ ಇದ್ದೆ. ಆ ಪದ್ಧತಿ ಇನ್ನು ಈ ಮನೆಯಲ್ಲಿ ಇಲ್ಲ. ಪುಟ್ಟಿಗೂ ಹೇಳಿದೀನಿ. ಏನೇ ಆಗಲಿ, ಅಪ್ಪ ಘಾಟಿಯಲ್ಲೇ ಇರಲಿ, ಮೊದಲು ಫೋನ್ ಮಾಡು, ಗಾಡಿ ಪಕ್ಕಕ್ಕೆ ನಿಲ್ಲಿಸಿ ಅಂತ ಹೇಳು, ಆಮೇಲೆ ವಿಷಯ ಹೇಳು ಅಂತ.

ಕೊನೆಗೆ ಒಂದು ಹೇಳಬೇಕು, ಇದನ್ನ ಯಾರಿಗೂ ಹೇಳಿಲ್ಲ. ಆ ವಾರ ಪೂರ್ತಿ ಮಾವ ಸಂಜೆ ಆದರೆ ಸಾಕು, "ಶ್ರೀನಿವಾಸಪುರದ ಬಸ್ಸು ಬಂತಾ" ಅಂತ ಬರೆದು ತೋರಿಸ್ತಿದ್ದರು. ಜ್ವರಕ್ಕೆ ಏನೋ ಬರೀತಾರೆ ಅಂದುಕೊಂಡೆ. "ಅವರು ಲಾರಿಯಲ್ಲಿ ಬರ್ತಾರೆ ಮಾವ, ಬಸ್ಸಿನಲ್ಲಿ ಯಾರು ಬರಬೇಕು" ಅಂತಿದ್ದೆ. ತಾವೇ ಅಂಗೈಯಿಂದ ಒರೆಸಿಬಿಡ್ತಿದ್ದರು. ಗುರುವಾರ ಸಂಜೆಯೂ ಕೇಳಿದರು. ಅವತ್ತು ಅವರನ್ನ ನೋಡೋಕೆ ಆಗ್ತಿರಲಿಲ್ಲ. ಸಮಾಧಾನಕ್ಕೆ ಇರಲಿ ಅಂತ, "ಬಂತು ಮಾವ, ಈಗ ತಾನೇ ಬಂತು" ಅಂದೆ.

ಎಬ್ಬಿಸಿ ಕೂರಿಸು ಅಂತ ಕೈ ಮಾಡಿದರು. ಕೂರಿಸಿದೆ. ಆಪರೇಷನ್ ಮಾಡಿದ ಗಂಟಲಿನ ತೂತು ಕಾಣಬಾರದು ಅಂತ ಶರ್ಟಿನ ಮೇಲಿನ ಗುಂಡಿ ಹಾಕಿಸ್ಕೊಂಡರು, ತಲೆ ಬಾಚಿಸ್ಕೊಂಡರು. ಬಾಗಿಲು ಪೂರ್ತಿ ತೆಗಿ ಅಂತ ಸನ್ನೆ ಮಾಡಿದರು, ತೆಗೆದೆ. ಅವರ ಬೆನ್ನಿಗೆ ನನ್ನ ಭುಜ ಕೊಟ್ಟು ಕೂತಿದ್ದೆ. ಬಾಗಿಲ ಕಡೆಯೇ ನೋಡ್ತಿದ್ದರು. ಹಂಗೇ ನೋಡ್ತಾ ಹೋದರು.

ಚಂದನ